ಲಾರಿ ನಿಧಾನಿಸುವಾಗಿನ ಸದ್ದು ಮತ್ತು ಅದುರು

ಓಡುವ ಲಾರಿಯ ವೇಗ ತಗ್ಗುವಾಗ ಮಾತ್ರ ಕಾಣಿಸಿಕೊಳ್ಳುವ, ಇಲ್ಲವೇ ಆ ಹೊತ್ತಿನಲ್ಲಿ ಎದ್ದು ಕೇಳುವ ಅಸಹಜ ಶಬ್ದಗಳ ಹಾಗೂ ಕಂಪನಗಳ ಕಾರಣವನ್ನು ಗುರುತಿಸುವುದು ಭಾರಿ ವಾಹನ ದುರಸ್ತಿಯ ಹಳೆಯ, ಇಂದಿಗೂ ತಲೆತಿನ್ನುವ ಕೆಲಸಗಳಲ್ಲಿ ಒಂದು. ವೇಗ ತಗ್ಗುವುದೆಂದರೆ ಬ್ರೇಕ್ ಒತ್ತುವುದು ಎಂದಷ್ಟೇ ತಿಳಿಯಬಾರದು. ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದ ಕ್ಷಣದಲ್ಲೇ ಲಾರಿಯೊಳಗಿನ ಬಲಗಳ ದಿಕ್ಕು ತಿರುಗಿಬಿಡುತ್ತದೆ. ಅದುವರೆಗೆ ಗಾಲಿಯನ್ನು ಇಂಜಿನ್ ತಿರುಗಿಸುತ್ತಿತ್ತು; ಈಗ ಇಂಜಿನ್ನನ್ನು ಗಾಲಿ ತಿರುಗಿಸುತ್ತದೆ. ಗೇರಿನ ಹಲ್ಲುಗಳು ಒಂದು ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲಿಗೆ ಒರಗುತ್ತವೆ. ಭಾರ ಮುಂದಿನ ಆಕ್ಸಲ್ ಮೇಲೆ ವಾಲುತ್ತದೆ, ಕಮಾನು ಪಟ್ಟಿಗಳು ತಿರುಚಿಕೊಳ್ಳುತ್ತವೆ. ಎಳೆಯುವಾಗ ಬಿಗಿಯಾಗಿದ್ದ ಸಂದುಗಳೆಲ್ಲ ಸಡಿಲಾಗುವುದೂ ಸಡಿಲಿದ್ದವು ಬಡಿದುಕೊಳ್ಳುವುದೂ ಆಗಲೇ.

ಲಾರಿಯ ಚಾಸಿಯಲ್ಲಿ ಉದ್ದಕ್ಕೂ ಎರಡು ಉಕ್ಕಿನ ತೊಲೆಗಳಿರುತ್ತವೆ. ಒಂದು ತುದಿಯಲ್ಲಿ ತಟ್ಟಿದರೆ ಇನ್ನೊಂದು ತುದಿಯಲ್ಲಿ ಕೇಳುತ್ತದೆ. ಹಿಂದಿನ ಆಕ್ಸಲ್ಲಿನ ಗುಂಯ್ಗುಟ್ಟುವಿಕೆ ಕ್ಯಾಬಿನ್ನಿನ ನೆಲದಡಿಯಿಂದ ಬಂದಂತೆ ತೋರುವುದು ಸಾಮಾನ್ಯ. ಹೀಗಾಗಿ ಸದ್ದು ಎಲ್ಲಿಂದ ಬಂತು ಎಂದು ಕೇಳಿದರೆ ಕಿವಿ ಹಲವು ಸಲ ತಪ್ಪು ಹೇಳುತ್ತದೆ. ಯಾವಾಗ ಬಂತು ಎಂದು ಕೇಳಿದರೆ ತಪ್ಪುವುದು ಕಡಿಮೆ. ಯಾವ ವೇಗದಲ್ಲಿ, ಯಾವ ಪೆಡಲ್ ಮೇಲೆ ಕಾಲಿದ್ದಾಗ, ಲೋಡಿದ್ದಾಗಲೋ ಖಾಲಿಯಿದ್ದಾಗಲೋ, ಬೆಳಗಿನ ಮೊದಲ ಬ್ರೇಕಿಗೋ ಘಾಟಿ ಇಳಿದ ಮೇಲೋ: ಈ ವಿವರಗಳು ಚಾಲಕನ ಬಳಿ ಮಾತ್ರ ಇರುತ್ತವೆ. ಲಾರಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿದ ಕೂಡಲೇ ಬಿಚ್ಚಲು ಶುರುಮಾಡುವ ಮೆಕ್ಯಾನಿಕ್‌ಗಿಂತ, ಹತ್ತು ನಿಮಿಷ ಚಾಲಕನನ್ನು ಕೂರಿಸಿಕೊಂಡು ಮಾತಾಡಿಸುವವನ ಕೆಲಸ ಬೇಗ ಮುಗಿಯುತ್ತದೆ.

ಈ ಮಾತುಕತೆಗೆ ಕನ್ನಡ ಹೇಳಿಮಾಡಿಸಿದ ಭಾಷೆ. ‘ಮೇಸ್ತ್ರಿ, ಬ್ರೇಕ್ ಹಿಡಿದ್ರೆ ಹಿಂದೆ ಗೊರಗೊರ ಅಂತದೆ, ನಿಲ್ಲೋ ಹೊತ್ತಿಗೆ ಟಕ್ ಅಂತದೆ’ ಎಂಬ ಮಾತಿನಲ್ಲಿ ಎರಡು ಬೇರೆ ದೋಷಗಳ ಸುಳಿವಿದೆ. ಕಿರ್, ಕೀಂಯ್, ಗುಂಯ್, ಘರ್ರ್, ಗಡಗಡ, ಕಟಕಟ, ಧಡ್, ಪುಸ್: ಶಾಲೆಯಲ್ಲಿ ಅನುಕರಣಾವ್ಯಯ ಎಂದು ಕಲಿತು ಮರೆತ ಪದಗಳೇ ಇಲ್ಲಿ ಅಳತೆಗೋಲಾಗುತ್ತವೆ.

ಶಕ್ತಿಯ ಲೆಕ್ಕ

ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು ಭಾರತ ಸರ್ಕಾರ 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ಅಷ್ಟು ತೂಕದ ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊತ್ತಿರುವ ಚಲನಶಕ್ತಿ ಸುಮಾರು 26 ಲಕ್ಷ ಜೂಲ್. ಎಂಟು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು. ಒಮ್ಮೆ ಬ್ರೇಕ್ ಹಿಡಿದು ನಿಲ್ಲಿಸಿದರೆ ಇದರ ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ಬ್ರೇಕಿನ ಡ್ರಮ್ಮು ಮತ್ತು ಅದಕ್ಕೆ ಉಜ್ಜುವ ಲೈನರುಗಳಲ್ಲಿ ಬಿಸಿಯಾಗಿ ಇಳಿಯುತ್ತದೆ. ಸದ್ದಾಗಿ, ಅದುರಾಗಿ ಹೊರಬೀಳುವುದು ಅದರ ಅತಿಸಣ್ಣ ಅಂಶ. ಕೀಚಲು ಕಿವಿ ಹರಿಯುವಂತಿದ್ದರೂ ಅದಕ್ಕೆ ಬೇಕಾಗುವ ಶಕ್ತಿ ತೀರ ಅಲ್ಪ. ಅಂದಮೇಲೆ ಸದ್ದು ಎಷ್ಟು ಜೋರಾಗಿದೆ ಎಂಬುದರಿಂದ ದೋಷ ಎಷ್ಟು ದೊಡ್ಡದು ಎಂದು ಅಳೆಯಲು ಬರುವುದಿಲ್ಲ.

ಘಾಟಿಯ ಲೆಕ್ಕವೇ ಬೇರೆ. ಅದೇ ಲಾರಿ 800 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 14.5 ಕೋಟಿ ಜೂಲ್, 60 ಕಿ.ಮೀ. ವೇಗದಿಂದ ಐವತ್ತಕ್ಕೂ ಹೆಚ್ಚು ಸಲ ನಿಂತಷ್ಟು. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಗುಂಡ್ಯದತ್ತ ಇಳಿಯುವ ಲಾರಿಗಳಲ್ಲಿ, ಮೇಲೆ ಇಲ್ಲದ ಅದುರು ಕೆಳಗೆ ಬಂದ ಮೇಲೆ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದೇ.

ಸದ್ದು ಹುಟ್ಟುವ ಬಗೆ

ಬ್ರೇಕಿನ ಕೀಚಲು ಮತ್ತು ಪಿಟೀಲಿನ ನಾದ ಹುಟ್ಟುವುದು ಒಂದೇ ತತ್ತ್ವದಿಂದ. ರಾಳ ಸವರಿದ ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ಎಳೆತ ಮಿತಿ ಮೀರಿದಾಗ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಸಿಕ್ಕಿಬೀಳುತ್ತದೆ. ಲೈನರ್ ಮತ್ತು ಡ್ರಮ್ಮಿನ ನಡುವೆಯೂ ಹೀಗೆಯೇ ಅಂಟುವುದು, ಜಾರುವುದು ಸೆಕೆಂಡಿಗೆ ಸಾವಿರಾರು ಸಲ ನಡೆಯಬಹುದು. ಜಾರುವ ವೇಗ ಕಡಿಮೆಯಾದಂತೆ ಘರ್ಷಣೆ ಹೆಚ್ಚುವ ಲೈನರುಗಳಲ್ಲಿ ಈ ಪ್ರವೃತ್ತಿ ಬಲವಾಗಿರುತ್ತದೆ. ಲಾರಿ ಇನ್ನೇನು ನಿಲ್ಲುತ್ತದೆ ಎನ್ನುವಾಗ ಕೀಚಲು ಜೋರಾಗುವುದು ಅದಕ್ಕೇ. 1,000 ಹರ್ಟ್ಸ್‌ಗಿಂತ ಮೇಲಿನದನ್ನು ಕೀಚಲು ಎನ್ನುವುದು ವಾಡಿಕೆ. ಕೆಲವು ನೂರು ಹರ್ಟ್ಸ್‌ನ ಒಳಗಿನದು ನರಳಿಕೆ. ಕಿವಿಗಿಂತ ಹೆಚ್ಚಾಗಿ ಕೈಗೆ, ಸೀಟಿಗೆ ತಾಗುವ, ಸೆಕೆಂಡಿಗೆ ಐದಾರರಿಂದ ಸುಮಾರು ನೂರರ ತನಕದ ಅಲುಗಾಟ ಅದುರು.

ಬ್ರೇಕಿನ ಚರಿತ್ರೆಯಲ್ಲಿ ಸದ್ದಿನ ಕಾಟ ಮೊದಲಿನಿಂದಲೂ ಇದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ತಾಮ್ರವು ಲೋಹದ ತಟ್ಟೆಗೆ ಉಜ್ಜಿ ಎಬ್ಬಿಸುತ್ತಿದ್ದ ಕಿರುಚಾಟ ಅದರ ದೊಡ್ಡ ಕೊರತೆಯಾಗಿತ್ತು. 1907ರಲ್ಲಿ ಹರ್ಬರ್ಟ್ ಫ್ರೂಡ್ ಕಲ್ನಾರಿನ ಲೈನಿಂಗ್ ಹಾಕಿ ಆ ಕಿರುಚಾಟವನ್ನು ತಣ್ಣಗಾಗಿಸಿದ. ಕಿವಿಯ ಕಷ್ಟ ತೀರಿತು, ಶ್ವಾಸಕೋಶದ ಕಷ್ಟ ಆರಂಭವಾಯಿತು: ಕಲ್ನಾರಿನ ದೂಳು ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೇಲೆ ಐರೋಪ್ಯ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿತು. ಹಳೆಯ ಲಾರಿಯ ಡ್ರಮ್ ಬಿಚ್ಚಿದಾಗ ಒಳಗಿನ ದೂಳಿಗೆ ಗಾಳಿ ಪೈಪು ಹಿಡಿಯಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು ಎನ್ನುವುದು ಈ ಕಾರಣಕ್ಕೆ. ನಮ್ಮ ಗ್ಯಾರೇಜುಗಳಲ್ಲಿ ಈ ಮಾತಿಗೆ ಸಿಗುವ ಬೆಲೆ ಕಡಿಮೆ.

ವೇಗ ಮತ್ತು ಸ್ವರ

ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ಲಯ ಇದೆ. ಲಾರಿಗಳಲ್ಲಿ ಬಹುಕಾಲ ಚಾಲ್ತಿಯಲ್ಲಿರುವ 10.00-20 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಉರುಳುತ್ತದೆ. ಅಂದರೆ 60 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಹಿಂದಿನ ಆಕ್ಸಲ್ಲಿನ ಗೇರುಗಳಲ್ಲಿ ಪಿನಿಯನ್ನಿಗೆ 7, ಕ್ರೌನಿಗೆ 41 ಹಲ್ಲುಗಳಿದ್ದರೆ, ಗೇರ್‌ಬಾಕ್ಸಿನಿಂದ ಅಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿನಲ್ಲಿ ಸುಮಾರು 30 ಸುತ್ತು ಹಾಕಿರುತ್ತದೆ. ಶಾಫ್ಟಿನ ಕ್ರಾಸ್ ಜಾಯಿಂಟು ಪ್ರತಿ ಸುತ್ತಿಗೆ ಎರಡು ಸಲ ಅದುರುವುದರಿಂದ ಅದರ ಲಯ 60ರ ಆಸುಪಾಸು. ಪಿನಿಯನ್ ಹಲ್ಲುಗಳು ಕ್ರೌನಿಗೆ ತಾಗುವುದು ಸೆಕೆಂಡಿಗೆ 210ಕ್ಕೂ ಹೆಚ್ಚು ಸಲ.

ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆಯ ಕಂಪನ ಕಿವಿಗೆ ಕೇಳುವುದಿಲ್ಲ. ಆದ್ದರಿಂದ ಗಾಲಿ, ಡ್ರಮ್, ಟೈರುಗಳ ದೋಷ ಮೈ ಅಲುಗಿಸುವ ಅದುರಾಗಿ, ಎಣಿಸಬಲ್ಲ ಧಡಧಡವಾಗಿ ಬರುತ್ತದೆ. ಶಾಫ್ಟಿನದು ಅಂಗಾಲಿಗೆ ತಾಗುವ ಜುಮ್ಮೆನಿಸುವಿಕೆ. ಜಾಯಿಂಟಿನದು ಮಂದ ಗುಡುಗು. ಕ್ರೌನ್‌-ಪಿನಿಯನ್‌ದು ಸ್ಪಷ್ಟವಾದ ಗುಂಯ್. ಗೇರಿನ ಹಲ್ಲುಗಳ ಸಂಖ್ಯೆ, ಟೈರಿನ ಅಳತೆ ಲಾರಿಯಿಂದ ಲಾರಿಗೆ ಬದಲಾದರೂ ಈ ಮೆಟ್ಟಿಲುಗಳ ಕ್ರಮ ಬದಲಾಗುವುದಿಲ್ಲ. ಸ್ಪೀಡೋಮೀಟರ್ ನೋಡಿಕೊಂಡು ಧಡಧಡವನ್ನು ಎಣಿಸಲು ಕಲಿತ ಕ್ಲೀನರ್ ಹುಡುಗ ಅರ್ಧ ತನಿಖೆ ಮುಗಿಸಿದಂತೆ.

ವೇಗ ಇಳಿದಂತೆ ಸದ್ದಿನ ಸ್ವರವೂ ಇಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಇಳಿದರೆ ಮೂಲ ತಿರುಗುವ ಭಾಗದಲ್ಲಿದೆ. ಲಾರಿ 40ಕ್ಕೆ ಬಂದರೂ 10ಕ್ಕೆ ಬಂದರೂ ಸ್ವರ ಒಂದೇ ಆಗಿದ್ದರೆ ಯಾವುದೋ ಭಾಗ ಗಂಟೆಯಂತೆ ತನ್ನ ಸಹಜ ಸ್ವರದಲ್ಲಿ ಮಿಡಿಯುತ್ತಿದೆ. ಬ್ರೇಕ್ ಕೀಚಲು ಈ ಜಾತಿಯದು. ಗಾಡಿಯ ವೇಗ ಬಿಟ್ಟು ಇಂಜಿನ್ ವೇಗವನ್ನು ಹಿಂಬಾಲಿಸುವ ಸದ್ದಾದರೆ ಹುಡುಕಬೇಕಾದ್ದು ಗೇರ್‌ಬಾಕ್ಸಿನಿಂದ ಮುಂದಕ್ಕೆ.

ನಿಗದಿತ ವೇಗದಲ್ಲಿ ಮಾತ್ರ ಅದುರು ಬಂದು ಮಾಯವಾಗುವುದಕ್ಕೂ ವಿವರಣೆ ಇಲ್ಲಿದೆ. ಟೈರಿನ ಮೇಲೆ ಕುಣಿಯುವ ಆಕ್ಸಲ್ಲಿನ ಸಹಜ ಲಯ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತರ ಹತ್ತಿರ. ಡ್ರಮ್ಮು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಗಾಲಿಯ ಒಂದು ಸುತ್ತಿಗೆ ಎರಡು ಸಲ ಹಿಡಿದು ಬಿಡುತ್ತದೆ. 60 ಕಿ.ಮೀ. ವೇಗದಲ್ಲಿ ಅದೂ ಹತ್ತೇ. ಎರಡೂ ಕೂಡಿದಾಗ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ; 30ಕ್ಕೆ ಇಳಿದರೆ ಏನೂ ಆಗದಂತೆ ಸುಮ್ಮನಾಗುತ್ತದೆ. ಗ್ಯಾರೇಜಿನ ಅಂಗಳದಲ್ಲಿ ಎರಡು ಸುತ್ತು ಓಡಿಸಿ ‘ಏನೂ ಇಲ್ಲವಲ್ಲ’ ಎನ್ನುವ ಮೆಕ್ಯಾನಿಕ್ಕೂ ಇದೆ ಎಂದು ವಾದಿಸುವ ಚಾಲಕನೂ ಇಬ್ಬರೂ ಸರಿ.

ಯಾವ ಕಾಲು, ಯಾವ ಹೊತ್ತು

ಸಮತಟ್ಟಾದ, ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಲಾರಿಯನ್ನು ಬೇರೆಬೇರೆ ರೀತಿಯಲ್ಲಿ ನಿಧಾನಿಸಿ ನೋಡುವುದು ಪತ್ತೆಯ ಮೂಲಪಾಠ. ಮೊದಲು ಗೇರಿನಲ್ಲಿರುವಂತೆಯೇ ಆಕ್ಸಿಲರೇಟರ್ ಬಿಡಬೇಕು. ಆಗ ಸದ್ದು ಬಂದು, ಕ್ಲಚ್ ಒತ್ತಿದ ಕೂಡಲೇ ಅದು ನಿಂತರೆ, ಹಿಮ್ಮುಖ ಬಲ ಬಿದ್ದಾಗ ಮಾತ್ರ ಬಾಯಿಬಿಡುವ ಭಾಗಗಳತ್ತ ಬೆರಳು ಹೋಗುತ್ತದೆ: ಕ್ರೌನ್‌-ಪಿನಿಯನ್, ಪಿನಿಯನ್ ಬೇರಿಂಗ್, ಜಾಯಿಂಟ್ ಕ್ರಾಸ್, ಇಂಜಿನ್ ಫೌಂಡೇಶನ್ ರಬ್ಬರ್. ಕ್ಲಚ್ ಒತ್ತಿ ಉರುಳಿಬಿಟ್ಟಾಗಲೂ ಸದ್ದು ಮುಂದುವರಿದರೆ ಹಬ್ ಬೇರಿಂಗ್, ಟೈರು, ಗಾಲಿಯ ನಟ್ಟುಗಳ ಕಡೆ ನೋಡಬೇಕು. ಬ್ರೇಕ್ ಮುಟ್ಟಿದಾಗ ಶುರುವಾಗಿ ಬಿಟ್ಟಾಗ ನಿಲ್ಲುವುದಾದರೆ ತನಿಖೆ ಬ್ರೇಕಿನಿಂದಲೇ ಆರಂಭ. ಆದರೆ ಅಲ್ಲಿಗೇ ಮುಗಿಯಿತೆಂದಲ್ಲ. ಸಡಿಲವಾದ ಕಮಾನು ಪಟ್ಟಿಯೂ ಮುಂದಿನ ಗಾಲಿ ಹೊರಳುವ ಕಿಂಗ್‌ಪಿನ್ ಸವೆದಿದ್ದರೆ ಅದೂ ಬ್ರೇಕ್ ಹಿಡಿದಾಗಲೇ ಸದ್ದು ಮಾಡುತ್ತವೆ.

ಇನ್ನೊಂದು ಒಳ್ಳೆಯ ಉಪಾಯ ಇದೆ. ಗಾಳಿ ಬ್ರೇಕಿನ ಬಹುಪಾಲು ಲಾರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ ಅದನ್ನು ಮೆಲ್ಲಗೆ ಎಳೆದಾಗ ಅದೇ ಗೊರಗೊರ ಕೇಳಿದರೆ ಮುಂದಿನ ಗಾಲಿಗಳನ್ನು ಬಿಚ್ಚುವ ಕೂಲಿ ಉಳಿಯುತ್ತದೆ. ಸ್ಟೀರಿಂಗ್ ಚಕ್ರ ಅಲುಗಿದರೆ ದೋಷ ಮುಂದೆ, ಸೀಟು ಅಲುಗಿದರೆ ಹಿಂದೆ ಎಂಬ ಹಳೆಯ ಸೂತ್ರವೂ ಬಹುಪಾಲು ನಿಜ.

ಇವೆಲ್ಲ ಸಮತಟ್ಟು ನೆಲದ ಪರೀಕ್ಷೆಗಳು. ಇಳಿಜಾರಿನಲ್ಲಿ ಕ್ಲಚ್ ಒತ್ತಿಯೋ ನ್ಯೂಟ್ರಲ್‌ಗೆ ತಂದೋ ಸದ್ದು ಹುಡುಕಲು ಹೊರಟವರಿಗೆ ಇಂಜಿನ್ನಿನ ಹಿಡಿತ ತಪ್ಪಿ ಹೋಗುತ್ತದೆ. ಲಾರಿ ವೇಗ ಪಡೆದ ಮೇಲೆ ಮತ್ತೆ ಗೇರು ಕೂರದೆ ಹೋಗಬಹುದು.

ಡ್ರಮ್ಮು ಮತ್ತು ಲೈನರು

ಯುರೋಪಿನ ದೂರ ಓಡುವ ಟ್ರಕ್ಕುಗಳು ಬಹುಮಟ್ಟಿಗೆ ಡಿಸ್ಕ್ ಬ್ರೇಕಿಗೆ ಹೊರಳಿದ್ದರೂ ಭಾರತದ ಭಾರಿ ಲಾರಿಗಳಲ್ಲಿ ಇಂದಿಗೂ ಡ್ರಮ್ ಬ್ರೇಕಿನದೇ ರಾಜ್ಯಭಾರ. ಪೆಡಲ್ ಒತ್ತಿದಾಗ ಗಾಳಿ ಬ್ರೇಕ್ ಚೇಂಬರಿನೊಳಗಿನ ರಬ್ಬರ್ ಪೊರೆಯನ್ನು ನೂಕುತ್ತದೆ. ಅದರ ದಂಡ ಸ್ಲ್ಯಾಕ್ ಅಡ್ಜಸ್ಟರನ್ನು ತಿರುಗಿಸುತ್ತದೆ. ಇಂಗ್ಲಿಷಿನ ಎಸ್ ಅಕ್ಷರದ ಆಕಾರದ ಕ್ಯಾಮ್ ಎರಡು ಬ್ರೇಕ್ ಶೂಗಳನ್ನು ಅಗಲಿಸಿ ಲೈನರುಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಈ ಸರಪಳಿಯ ಪ್ರತಿ ಕೊಂಡಿಯೂ ಸದ್ದು ಮಾಡಬಲ್ಲದು.

ಬೆಳಗಿನ ಮೊದಲ ನಾಲ್ಕಾರು ಬ್ರೇಕಿಗೆ ಕಿರ್ರೆಂದು ಆಮೇಲೆ ಸುಮ್ಮನಾದರೆ ರಾತ್ರಿಯ ತೇವಕ್ಕೆ ಡ್ರಮ್ಮಿನ ಒಳಮೈಗೆ ಕೂತ ತೆಳು ತುಕ್ಕು ಸವೆದುಹೋಗುತ್ತಿದೆ ಎಂದರ್ಥ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಡೀ ದಿನ ಕೀಚಲು ಬಿಡದಿದ್ದರೆ ಲೈನರಿನ ಮೇಲ್ಮೈ ಕಾದು ಗಾಜಿನಂತೆ ಹೊಳಪೇರಿರಬಹುದು, ದೂಳು ಗಟ್ಟಿಕಟ್ಟಿರಬಹುದು, ಇಲ್ಲವೇ ಒಂದೇ ಆಕ್ಸಲ್ಲಿನ ಎರಡು ಬದಿಗೆ ಬೇರೆಬೇರೆ ಕಂಪನಿಯ ಲೈನರ್ ಹಾಕಿರಬಹುದು. ಅಗ್ಗಕ್ಕೆ ಸಿಕ್ಕಿತೆಂದು ಒಂದು ಬದಿಗೆ ಮಾತ್ರ ಹೊಸ ಲೈನರ್ ಹೊಡೆಸುವುದು ಆಮೇಲೆ ದುಬಾರಿಯಾಗುವ ಉಳಿತಾಯ. ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯತೊಡಗುತ್ತದೆ.

ಘರ್ರ್ ಎಂಬ, ಲೋಹಕ್ಕೆ ಲೋಹ ಉಜ್ಜಿದ ಸದ್ದು ಬಂದರೆ ವಿಷಯ ಬೇರೆ. ಲೈನರ್ ಸವೆದು ರಿವೆಟ್ಟಿನ ತಲೆಗಳು ಡ್ರಮ್ಮನ್ನು ಗೀಚುತ್ತಿವೆ, ಇಲ್ಲವೇ ಶೂ ಎಳೆಯುವ ಸ್ಪ್ರಿಂಗ್ ತುಂಡಾಗಿ ಒಳಗೆ ಸಿಕ್ಕಿಕೊಂಡಿದೆ. ಒಂದು ದಿನ ಹೆಚ್ಚಿಗೆ ಓಡಿಸಿದರೂ ಲೈನರಿನ ಖರ್ಚಿನ ಜೊತೆಗೆ ಡ್ರಮ್ಮಿನ ಖರ್ಚು ಸೇರುತ್ತದೆ. ಹಬ್ಬಿನ ಆಯಿಲ್ ಸೀಲ್ ಹೋಗಿ ಲೈನರಿಗೆ ಗ್ರೀಸ್ ತಾಗಿದ್ದರೆ ಬ್ರೇಕು ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚಿ ಹಿಡಿಯುತ್ತದೆ. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಇದೆ. ಅದು ಸರಿಯಲ್ಲ, ಒಳಗೆ ಇಂಗಿದ ಜಿಡ್ಡು ಡ್ರಮ್ ಕಾದಾಗ ಮತ್ತೆ ಹೊರಬರುತ್ತದೆ.

ಕ್ಯಾಮಿನ ಬುಷ್ ಸವೆದರೆ ಕ್ಯಾಮ್ ಅಲುಗಾಡಿ ಎರಡು ಶೂಗಳು ಸಮವಾಗಿ ಒತ್ತುವುದಿಲ್ಲ. ಆಗ ಬರುವುದು ಕಟಕಟದಿಂದ ಕೂಡಿದ ನರಳಿಕೆ. ಗಾಡಿ ನಿಂತಿದ್ದಾಗ ಕ್ಯಾಮ್ ಶಾಫ್ಟನ್ನು ಕೈಯಿಂದ ಮೇಲೆಕೆಳಗೆ ಅಲುಗಿಸಿ ನೋಡಿದರೆ ಇದು ತಿಳಿಯುತ್ತದೆ. ಗಾಲಿಗೆ ಅಡೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿರಬೇಕು ಅಷ್ಟೆ.

ಅದುರಿನ ದೊಡ್ಡ ಕಾರಣ ಡ್ರಮ್ಮಿನ ಆಕಾರ ಕೆಡುವುದು. ಸುಮಾರು 410 ಮಿ.ಮೀ. ವ್ಯಾಸದ ಬೀಡುಕಬ್ಬಿಣದ ಡ್ರಮ್ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿದರೆ ವ್ಯಾಸದಲ್ಲಿ ಒಂದೂಕಾಲು ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಹಿಗ್ಗುವುದು ಎಲ್ಲೆಡೆ ಸಮವಾಗಿದ್ದರೆ ಅದುರಿಲ್ಲ, ಆದರೆ ಹಾಗಾಗುವುದು ವಿರಳ. ಲೈನರ್ ಹೆಚ್ಚು ಒತ್ತುವ ಕಡೆ ಬಿಸಿ ಹೆಚ್ಚು, ಬಿಸಿಯಾದ ಕಡೆ ಉಬ್ಬು, ಉಬ್ಬಿದ ಕಡೆ ಒತ್ತಡ ಇನ್ನೂ ಹೆಚ್ಚು. ಹೀಗೆ ಕಲೆಗಳಂತೆ ಎದ್ದ ಬಿಸಿಜಾಗಗಳು 700 ಡಿಗ್ರಿ ಮೀರಿ ಬೇಗ ಆರಿದರೆ ಅಲ್ಲಿನ ಕಬ್ಬಿಣದ ಒಳರಚನೆಯೇ ಬದಲಾಗಿ ಅದು ಸುತ್ತಲಿನದಕ್ಕಿಂತ ಗಡುಸಾಗುತ್ತದೆ. ಬಿಚ್ಚಿ ನೋಡಿದಾಗ ನೀಲಿ ಛಾಯೆಯ ಮಚ್ಚೆಗಳಾಗಿ ಕಾಣುವುದು ಇವೇ. ಲೇತ್ ಮೇಲೆ ಡ್ರಮ್ ತಿರುವಿಸಿದರೂ ಗಡಸು ಮಚ್ಚೆಗಳಲ್ಲಿ ಉಳಿ ಜಿಗಿಯುವುದರಿಂದ ಅವು ಗುಳ್ಳೆಯಂತೆ ಉಳಿದುಕೊಳ್ಳುತ್ತವೆ. ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಅದುರು ಮತ್ತೆ ಹಾಜರು. ಅಂಥ ಡ್ರಮ್ಮನ್ನು ಗುಜರಿಗೆ ಹಾಕುವುದೇ ಲೇಸು.

ಘಾಟಿ ಇಳಿದು ಹೊಗೆಯಾಡುವ ಡ್ರಮ್ಮಿಗೆ ಬಕೆಟ್ ನೀರು ಎರಚುವುದು ಹೆದ್ದಾರಿ ಬದಿಯಲ್ಲಿ ಈಗಲೂ ಕಾಣುವ ದೃಶ್ಯ. ಕಾದ ಬಾಣಲೆಗೆ ತಣ್ಣೀರು ಬಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ. ಒಳಮೈಯಲ್ಲಿ ಕೂದಲೆಳೆಯ ಬಿರುಕುಗಳು ಏಳುತ್ತವೆ, ಮುಂದೆ ಅವೇ ಅಂಚಿನವರೆಗೆ ಸೀಳುತ್ತವೆ.

ಹೊಸ ಡ್ರಮ್ ಹಾಕಿದ ಮೇಲೂ ಅದುರು ಹೋಗಿಲ್ಲವೆಂಬ ದೂರು ಬಂದರೆ ಹಬ್ ಮತ್ತು ಡ್ರಮ್ ಸೇರುವ ಮುಖದ ತುಕ್ಕಿನ ಹಕ್ಕಳೆಯನ್ನು ನೋಡಬೇಕು. ಅದನ್ನು ಕೆರೆದು ತೆಗೆಯದೆ ಕೂರಿಸಿದ ಡ್ರಮ್ ಓರೆಯಾಗಿ ತಿರುಗುತ್ತದೆ. ತಪ್ಪು ಡ್ರಮ್ಮಿನದಲ್ಲ, ಐದು ನಿಮಿಷದ ವೈರ್ ಬ್ರಷ್ ಕೆಲಸ ಬಿಟ್ಟವರದು.

ಡಿಸ್ಕ್ ಬ್ರೇಕಿನಲ್ಲಿ ತಟ್ಟೆಯ ದಪ್ಪ ಸುತ್ತಲೂ ಒಂದೇ ಆಗಿರದಿದ್ದರೆ ಅದುರು ಹುಟ್ಟುತ್ತದೆ. ಪ್ಯಾಡ್ ಹಿಡಿದಿಡುವ ಪಿನ್ನುಗಳು ಸವೆದರೆ ಕಟಕಟ.

ಜಾಯಿಂಟು, ಕ್ರೌನು, ಬೇರಿಂಗು

ಕ್ರಾಸ್ ಜಾಯಿಂಟಿನ ಮೂಲಕ ತಿರುಗುವ ಶಾಫ್ಟ್ ಓರೆಯಾಗಿದ್ದಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಓರೆ 10 ಡಿಗ್ರಿ ಇದ್ದರೆ ಹೊರಗಿನ ಶಾಫ್ಟಿನ ವೇಗ ಪ್ರತಿ ಸುತ್ತಿಗೆ ಎರಡು ಸಲ ಶೇಕಡಾ 1.5ರಷ್ಟು ಏರಿ ಇಳಿಯುತ್ತದೆ. ಹದಿನೇಳನೇ ಶತಮಾನದಲ್ಲಿ ರಾಬರ್ಟ್ ಹುಕ್ ಕೈಹಾಕಿದ ಸಮಸ್ಯೆ ಇದು. ಎರಡನೇ ಜಾಯಿಂಟನ್ನು ಅಷ್ಟೇ ಓರೆಯಲ್ಲಿ, ಸರಿಯಾದ ಜೋಡಣೆಯಲ್ಲಿ ಕೂರಿಸಿದರೆ ಈ ಏರಿಳಿತ ಒಂದನ್ನೊಂದು ಅಳಿಸಿಹಾಕುತ್ತದೆ. ಶಾಫ್ಟ್ ಬಿಚ್ಚಿದವರು ಬಾಣದ ಗುರುತು ಸೇರಿಸದೆ ಒಂದೆರಡು ಸ್ಪ್ಲೈನ್ ಹಲ್ಲು ತಪ್ಪಿಸಿ ಕೂರಿಸಿದರೆ ಅಳಿಯಬೇಕಾದ್ದು ಪೂರ್ತಿ ಅಳಿಯದೆ ಉಳಿಯುತ್ತದೆ. ‘ಕ್ಲಚ್ ಕೆಲಸ ಆದಮೇಲೆ ಶುರುವಾಯಿತು’ ಎಂದು ಚಾಲಕ ಹೇಳಿದರೆ ಮೊದಲು ಶಾಫ್ಟಿನ ಗುರುತು ನೋಡಬೇಕು. ಬ್ರೇಕ್ ಹಿಡಿದಾಗ ಹಿಂದಿನ ಆಕ್ಸಲ್ ಕಮಾನು ಪಟ್ಟಿಯ ಮೇಲೆ ತುಸು ತಿರುಚುವುದರಿಂದ ಜಾಯಿಂಟಿನ ಕೋನವೂ ಬದಲಾಗುತ್ತದೆ. ಎಳೆಯುವಾಗ ಸುಮ್ಮನಿದ್ದ ಶಾಫ್ಟ್ ನಿಧಾನಿಸುವಾಗ ಗುಡುಗುವುದು ಹೀಗೆ. ಕ್ರಾಸಿನ ಸೂಜಿ ಬೇರಿಂಗ್ ಒಣಗಿದ್ದರೆ ನಿಧಾನ ವೇಗದಲ್ಲಿ ಗುಬ್ಬಿ ಚಿಲಿಪಿಲಿಗುಟ್ಟಿದಂಥ ಸದ್ದು ಬರುತ್ತದೆ. ಗ್ರೀಸ್ ಹೊಡೆದರೆ ಒಂದು ವಾರ ಸುಮ್ಮನಾದೀತು. ಸವೆದ ಕ್ರಾಸಿಗೆ ಗ್ರೀಸು ಮದ್ದಲ್ಲ.

ಕ್ರೌನ್‌-ಪಿನಿಯನ್ ಹಲ್ಲುಗಳಿಗೆ ಎಳೆಯುವ ಮುಖ ಒಂದು, ತಡೆಯುವ ಮುಖ ಒಂದು. ಎಳೆಯುವಾಗ ಗುಂಯ್ಗುಟ್ಟಿದರೆ ಒಂದು ಬಗೆಯ ಸವೆತ, ಕಾಲು ಬಿಟ್ಟಾಗ ಮಾತ್ರ ಗುಂಯ್ಗುಟ್ಟಿದರೆ ಇನ್ನೊಂದು. ಎರಡನೆಯದರಲ್ಲಿ ಪಿನಿಯನ್ ಬೇರಿಂಗ್ ಸಡಿಲಾಗಿ ಪಿನಿಯನ್ ಹಿಂದೆ ಮುಂದೆ ಸರಿಯುತ್ತಿರುವ ಸಾಧ್ಯತೆ ಹೆಚ್ಚು. ಹೌಸಿಂಗಿನ ಆಯಿಲ್ ಬಸಿದು ಎರಡು ಬೆರಳ ನಡುವೆ ತಿಕ್ಕಿ ನೋಡುವುದು ಅಗ್ಗದ ಪರೀಕ್ಷೆ. ಮಿನುಗುವ ಲೋಹದ ಪುಡಿ ಕಂಡರೆ ಬಿಚ್ಚುವುದು ಖಾತ್ರಿ.

ಹಬ್ ಬೇರಿಂಗ್ ಸವೆದರೆ ಗುಂಯ್ ಸದ್ದು ಬ್ರೇಕಿಗೆ ಸಂಬಂಧವಿಲ್ಲದೆ ಬರುತ್ತದೆ. ಎಡಕ್ಕೆ ತಿರುಗಿದಾಗ ಜೋರಾದರೆ ಭಾರ ಬೀಳುವ ಬಲಗಾಲಿ ಅನುಮಾನಕ್ಕೆ ಗುರಿ. ಜಾಕ್ ಹೊಡೆದು ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಸಡಿಲ ಕೈಗೆ ಸಿಗುತ್ತದೆ. ಟೇಪರ್ ರೋಲರ್ ಬೇರಿಂಗಿನಲ್ಲಿ ಇರಬೇಕಾದ ಸಡಿಲ 0.025 ಮಿ.ಮೀ.ನಿಂದ 0.125 ಮಿ.ಮೀ. ಮಾತ್ರ, ಅದನ್ನು ನೋಡಲು ಡಯಲ್ ಗೇಜ್ ಬೇಕು, ಕೈಯಂದಾಜು ಸಾಲದು.

ಪಟ್ಟಿ, ಸ್ಟೀರಿಂಗ್, ಗಾಲಿ

ಬ್ರೇಕ್ ಹಿಡಿದೊಡನೆ ಒಂದೇ ಒಂದು ಧಡ್, ಬಿಟ್ಟು ಹೊರಟಾಗ ಮತ್ತೊಂದು ಧಡ್: ಇದು ಆಕ್ಸಲ್ ಜಾಗ ಬಿಟ್ಟು ಸರಿಯುತ್ತಿರುವ ಗುರುತು. ಆಕ್ಸಲ್ಲನ್ನು ಕಮಾನು ಪಟ್ಟಿಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗಿರಬಹುದು, ಸೆಂಟರ್ ಬೋಲ್ಟ್ ತುಂಡಾಗಿರಬಹುದು. ಹತ್ತು, ಹನ್ನೆರಡು ಗಾಲಿಯ ಲಾರಿಗಳಲ್ಲಿ ಆಕ್ಸಲ್ಲನ್ನು ಹಿಡಿದಿಡುವ ಟಾರ್ಕ್ ರಾಡಿನ ಬುಷ್ ಹೋಗಿರುವುದೂ ಸಾಮಾನ್ಯ. ಟ್ರೇಲರುಗಳಲ್ಲಿ ಎಳೆಯುವ ಗಾಡಿಯ ಫಿಫ್ತ್ ವೀಲ್ ಮತ್ತು ಅದರಲ್ಲಿ ಕೂರುವ ಟ್ರೇಲರಿನ ಕಿಂಗ್‌ಪಿನ್ ನಡುವಿನ ಸಡಿಲ ಇದೇ ಸದ್ದು ಕೊಡುತ್ತದೆ. ಸ್ಟೀರಿಂಗ್ ಕಡೆಯ ಕಿಂಗ್‌ಪಿನ್, ಟೈ ರಾಡ್ ಕೊನೆಗಳು ಸವೆದಿದ್ದರೆ ತಾವಾಗಿ ಅದುರು ಹುಟ್ಟಿಸದಿದ್ದರೂ ಡ್ರಮ್ಮಿನ ಸಣ್ಣ ಅದುರನ್ನು ದೊಡ್ಡದು ಮಾಡಿ ಕೈಗೆ ತಲುಪಿಸುತ್ತವೆ.

ಗಾಲಿಯ ನಟ್ಟುಗಳ ವಿಷಯದಲ್ಲಿ ಮಾತ್ರ ತಡ ಸಲ್ಲದು. ನಿಧಾನಿಸುವಾಗ ಕಟಕಟ ಎಂದು ಗಾಲಿಯ ಲಯಕ್ಕೆ ಸರಿಯಾಗಿ ಬಡಿದರೆ, ನಟ್ಟಿನ ಬುಡದಿಂದ ಗಾಲಿಯ ಡಿಸ್ಕಿನ ಮೇಲೆ ಕೆಂಪು ತುಕ್ಕಿನ ಗೆರೆಗಳು ಹರಡಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಗಾಲಿ ಬದಲಿಸಿದ ಮೇಲೆ ನೂರು ಕಿಲೋಮೀಟರ್ ಒಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸುವುದು ಲಾರಿ ಲೋಕದ ಅತಿ ಅಗ್ಗದ ವಿಮೆ. ಜೋಡಿ ಟೈರಿನ ಸಂದಿಯಲ್ಲಿ ಸಿಕ್ಕ ಕಲ್ಲೂ ಲಯಬದ್ಧವಾಗಿ ಬಡಿಯುವುದರಿಂದ ಬಿಚ್ಚುವ ಮೊದಲು ಬಗ್ಗಿ ಒಮ್ಮೆ ಇಣುಕುವುದು ಒಳ್ಳೆಯದು. ಗಾಲಿ ಜಾಮಾಗಿ ಉಜ್ಜಿದ ಟೈರಿನಲ್ಲಿ ಒಂದು ಕಡೆ ಚಪ್ಪಟೆ ಜಾಗ ಉಳಿಯುತ್ತದೆ. ರೀಸೋಲ್ ಮಾಡಿದ ಟೈರಿನ ಮೇಲ್ಪದರ ಬಿಡತೊಡಗಿದರೂ ಧಡಧಡ ಕೇಳಿಸುತ್ತದೆ, ಅದು ದಿನದಿಂದ ದಿನಕ್ಕೆ ಬೆಳೆಯುತ್ತದೆ.

ದೋಷವಲ್ಲದ ಸದ್ದುಗಳು

ಪೆಡಲ್ ಬಿಟ್ಟಾಗಿನ ಪುಸ್ ಬ್ರೇಕಿನ ಗಾಳಿ ಹೊರಹೋಗುವ ಸದ್ದು. ಗಾಳಿಯ ಒತ್ತಡ 8 ಬಾರ್ ಆಸುಪಾಸು ಮುಟ್ಟಿದಾಗ ಏರ್ ಡ್ರೈಯರ್ ಒಮ್ಮೆ ಜೋರಾಗಿ ಉಗುಳುತ್ತದೆ. ಆದರೆ ಪೆಡಲ್ ಒತ್ತಿಹಿಡಿದಷ್ಟು ಹೊತ್ತೂ ಸುಯ್ಯೆಂದರೆ ಚೇಂಬರಿನ ರಬ್ಬರ್ ಹರಿದಿದೆ. ಎಕ್ಸಾಸ್ಟ್ ಬ್ರೇಕ್ ಒತ್ತಿದಾಗ ಹೊಗೆ ಕೊಳವೆಯ ಬಾಗಿಲು ಮುಚ್ಚಿ ಬರುವ ಹುಮ್ಮೆಂಬ ಉಸಿರು ಸಹಜ.

ಇಂಜಿನ್ ಬ್ರೇಕಿನ ಪಟಪಟ ಸದ್ದಿಗೆ ಒಂದು ಕತೆಯೇ ಇದೆ. ಅಮೆರಿಕದ ಕ್ಲೆಸಿ ಕಮಿನ್ಸ್ 1931ರಲ್ಲಿ ಡೀಸೆಲ್ ಟ್ರಕ್ಕಿನಲ್ಲಿ ದೇಶದ ಉದ್ದಕ್ಕೂ ಹೋಗುವಾಗ ಕ್ಯಾಲಿಫೋರ್ನಿಯಾದ ಕಹೋನ್ ಘಾಟಿಯಲ್ಲಿ ಬ್ರೇಕ್ ಕೈಕೊಟ್ಟು, ಕೆಳಗೆ ಹಳಿ ದಾಟುತ್ತಿದ್ದ ರೈಲಿಗೆ ಅಪ್ಪಳಿಸುವುದರಿಂದ ಕೂದಲೆಳೆಯಲ್ಲಿ ಪಾರಾದ. ಆ ಭಯ ಅವನನ್ನು ಬಿಡಲಿಲ್ಲ. ಸಿಲಿಂಡರಿನಲ್ಲಿ ಅದುಮಿದ ಗಾಳಿಯನ್ನು ಪಿಸ್ಟನ್ ಮೇಲ್ತುದಿ ಮುಟ್ಟುವ ಹೊತ್ತಿಗೆ ಹೊರಬಿಟ್ಟು ಇಂಜಿನ್ನನ್ನೇ ತಡೆಯಾಗಿಸುವ ಉಪಾಯವನ್ನು ಮುಂದೆ ಅವನೇ ರೂಪಿಸಿದ. ಜೇಕಬ್ಸ್ ಕಂಪನಿ 1961ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಗಾಳಿ ಒಮ್ಮೆಲೇ ಸಿಡಿಯುವುದರಿಂದ ಬಂದೂಕು ಹಾರಿಸಿದಂಥ ಸದ್ದು. ಅಮೆರಿಕದ ಅನೇಕ ಊರುಗಳ ಹೊರಗೆ ಅದನ್ನು ಬಳಸಬೇಡಿ ಎಂಬ ಫಲಕಗಳಿವೆ.

ಹಾಲಿನದಾಗಲಿ ಡೀಸೆಲಿನದಾಗಲಿ, ಅರ್ಧ ತುಂಬಿದ ಟ್ಯಾಂಕರ್ ನಿಂತ ಮೇಲೂ ಮುಂದಕ್ಕೊಮ್ಮೆ ತಳ್ಳುತ್ತದೆ. ಅದು ಒಳಗಿನ ದ್ರವ ಅಲೆಯಾಗಿ ಬಂದು ಬಡಿಯುವುದು. ಖಾಲಿ ಲಾರಿಯ ಹಿಂಬದಿ ಗಡಗಡ ಕುಣಿಯುವುದೂ ಬಹುಪಾಲು ಹಗುರ ಭಾರದ ಫಲ. ಗೇರು ಇಳಿಸದೆ ಮೇಲಿನ ಗೇರಿನಲ್ಲೇ ತೀರ ನಿಧಾನಿಸಿದರೆ ಇಡೀ ಗಾಡಿ ನಡುಗುತ್ತದೆ. ಇದಕ್ಕೆ ಮದ್ದು ಗೇರ್ ಲಿವರಿನಲ್ಲಿದೆ.

ಭಾರತದಲ್ಲಿ ಹೊಸ ಭಾರಿ ಲಾರಿಗಳಿಗೆ 2015ರಿಂದ, ಗಾಲಿ ಜಾಮಾಗದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯ. ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಪುಸ್‌ಪುಸ್ ಎಂದು ತಡೆತಡೆದು ಹಿಡಿಯುವುದು ಅದರ ಕೆಲಸ. ಒಣ ರಸ್ತೆಯಲ್ಲಿ, ಮೆಲ್ಲಗೆ ನಿಲ್ಲಿಸುವಾಗ, ಕೊನೆಯ ಕೆಲವು ಮೀಟರಿನಲ್ಲಿ ಹಾಗಾದರೆ ಮಾತ್ರ ಅನುಮಾನಿಸಬೇಕು. ಗಾಲಿಯ ವೇಗ ಅಳೆಯುವ ಸೆನ್ಸರ್ ಹಲ್ಲುಚಕ್ರದಿಂದ ದೂರ ಸರಿದಿದ್ದರೆ, ನಡುವೆ ಕೊಳೆ ಕೂತಿದ್ದರೆ ನಿಧಾನ ವೇಗದಲ್ಲಿ ಸಂಕೇತ ಕ್ಷೀಣಿಸಿ, ಗಾಲಿ ಜಾಮಾಯಿತೆಂದು ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಇದನ್ನು ಡ್ರಮ್ ಅದುರೆಂದು ಭಾವಿಸಿ ಡ್ರಮ್ ಬದಲಿಸಿದವರು ಕಡಿಮೆಯಿಲ್ಲ.

ಸಾಧನಗಳು

ವೈದ್ಯರ ಸ್ಟೆತಾಸ್ಕೋಪಿನಂಥದ್ದೇ ಮೆಕ್ಯಾನಿಕ್‌ಗಳಿಗೂ ಇದೆ. ಅದಿಲ್ಲದವರು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಕೊಡುತ್ತಾರೆ. ಬೇರೆಬೇರೆ ಜಾಗಕ್ಕೆ ಸಣ್ಣ ಮೈಕುಗಳನ್ನು ಕಚ್ಚಿಸಿ ಕ್ಯಾಬಿನ್ನಿನಲ್ಲಿ ಕೂತು ಒಂದೊಂದನ್ನೇ ಕೇಳುವ ಉಪಕರಣ ದೊಡ್ಡ ವರ್ಕ್‌ಶಾಪುಗಳಲ್ಲಿ ಸಿಗುತ್ತದೆ. ಕಂಪನದ ಲಯವನ್ನು ಅಂಕಿಯಾಗಿ ತೋರಿಸುವ ಆ್ಯಪ್‌ಗಳು ಈಗ ಮೊಬೈಲಿನಲ್ಲೇ ಇವೆ. ಮೇಲೆ ಹೇಳಿದ ಗಾಲಿ, ಶಾಫ್ಟ್, ಜಾಯಿಂಟುಗಳ ಲೆಕ್ಕದೊಡನೆ ಆ ಅಂಕಿಯನ್ನು ಹೊಂದಿಸಿದರೆ ಸಾಕಷ್ಟು ಉಪಯೋಗ. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಎಂಬುದು ಈ ಲೇಖಕನ ಅಭಿಪ್ರಾಯ. ಹತ್ತು ಕಿಲೋಮೀಟರ್ ಓಡಿ ನಿಂತಾಗ ಒಂದೇ ಆಕ್ಸಲ್ಲಿನ ಎರಡು ಡ್ರಮ್ಮುಗಳ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ವಿಪರೀತ ಕಾದಿದ್ದರೆ ಅಲ್ಲಿ ಲೈನರ್ ಅಂಟಿಕೊಂಡೇ ಓಡುತ್ತಿದೆ. ಒಂದು ತಣ್ಣಗಿದ್ದರೆ ಆ ಗಾಲಿಯಲ್ಲಿ ಬ್ರೇಕೇ ಇಲ್ಲ.

ಸದ್ದಿಲ್ಲದ ದೋಷ

ಸ್ಲ್ಯಾಕ್ ಅಡ್ಜಸ್ಟರ್ ಹೊಂದಾಣಿಕೆ ತಪ್ಪಿ ದಂಡ ಮಿತಿಮೀರಿ ಹೊರಬರುತ್ತಿದ್ದರೆ ಬ್ರೇಕಿನ ಬಲ ಕುಸಿಯುತ್ತದೆ, ಆದರೆ ಸದ್ದೇನೂ ಬರುವುದಿಲ್ಲ. ಡ್ರಮ್ ಕಾದು ಹಿಗ್ಗಿದಾಗ ಈ ದಂಡ ಇನ್ನಷ್ಟು ದೂರ ಚಲಿಸಬೇಕಾಗುತ್ತದೆ. ಘಾಟಿಯ ಮೇಲ್ತುದಿಯಲ್ಲಿ ಚೆನ್ನಾಗಿ ಹಿಡಿದ ಬ್ರೇಕು ಕೆಳತಿರುವಿನಲ್ಲಿ ಹಿಡಿಯದಿರುವುದು ಹೀಗೆ. ಕೀಚಲಿಡುತ್ತಿದ್ದ ಬ್ರೇಕು ರಿಪೇರಿಯಿಲ್ಲದೆ ಒಂದು ದಿನ ತಾನಾಗಿ ಸುಮ್ಮನಾದರೆ ಅದು ವಾಸಿಯಾಯಿತೆಂದು ತಿಳಿಯಬಾರದು. ಆ ಗಾಲಿಗೆ ಲೈನರ್ ಮುಟ್ಟುವುದೇ ನಿಂತಿರಬಹುದು, ಇಲ್ಲವೇ ಲೈನರಿಗೆ ಗ್ರೀಸ್ ತಾಗಿರಬಹುದು.

ಇದಕ್ಕೆ ತಿರುಗುಮುರುಗಾದ ಪಾಡು ಬ್ಯಾಟರಿ ಲಾರಿಗಳದು. ಅವುಗಳಲ್ಲಿ ಮೋಟರೇ ಜನರೇಟರ್ ಆಗಿ ವೇಗ ತಗ್ಗಿಸುವುದರಿಂದ ಬ್ರೇಕಿನ ಬಳಕೆ ಕಡಿಮೆ. ಬಳಸದ ಡ್ರಮ್ಮು ಹೆಚ್ಚು ತುಕ್ಕು ಹಿಡಿಯುತ್ತದೆ, ಇಂಜಿನ್ನಿನ ಮೊರೆತವಿಲ್ಲದ ಕ್ಯಾಬಿನ್ನಿನಲ್ಲಿ ಆ ತುಕ್ಕಿನ ಕಿರ್ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ.